ಕಾಳ್ಯಾ ಮೊದಲೇ ಹೇಳಿದ್ದ

‘ನಮ್ಮ ಕಾಳ್ಯಾ ಯಾರಿಗೂ ಏನೂ ಮಾಡಂಗಿಲ್ಲ, ಬರ್ರಿ ಒಳಗ.’

ಮನೆಗೆ ಬಂದವರು ನಾಯಿ ಕಂಡು ಬಾಗಿಲಲ್ಲೇ ನಿಂತಾಗಲೆಲ್ಲ ನಾನು ಹೇಳುತ್ತಿದ್ದ ಮಾತಿದು. ಏಳು ವರ್ಷ ಹೇಳಿದೆ. ಏಳು ವರ್ಷವೂ ಅದು ನಿಜವಾಗಿತ್ತು. ಹೋದ ವರ್ಷದ ಭರತ ಹುಣ್ಣಿಮೆಯ ದಿನ ಮಧ್ಯಾಹ್ನ ಸುಳ್ಳಾಯಿತು.

ನಮ್ಮೂರು ಉಗರಗೋಳ. ಸವದತ್ತಿ ಎಲ್ಲಮ್ಮನ ಗುಡ್ಡದ ಹತ್ತಿರದ ಊರು. ಬನದ ಹುಣ್ಣಿಮೆ, ಭರತ ಹುಣ್ಣಿಮೆ ಬಂದರೆ ಇಲ್ಲಿ ಹಗಲು ಯಾವುದು, ರಾತ್ರಿ ಯಾವುದು ತಿಳಿಯುವುದಿಲ್ಲ. ಚಕ್ಕಡಿ, ಟ್ರ್ಯಾಕ್ಟರ್, ಚೌಡಿಕೆಯ ಸದ್ದು, ‘ಉಧೋ ಉಧೋ’ ಕೂಗು, ಎಲ್ಲರ ಹಣೆಯಲ್ಲೂ ಭಂಡಾರ. ನಮ್ಮ ಮನೆಯಲ್ಲೂ ಬೀಗರು, ನೆಂಟರು ತುಂಬಿದ್ದರು. ಕಾಳ್ಯಾ ದಿನವೂ ಮಲಗುತ್ತಿದ್ದ ಪಡಸಾಲೆಯ ಮೂಲೆಯಲ್ಲಿ ಹಾಸಿಗೆ ಹಾಸಿದ್ದೆವು. ಎರಡು ರಾತ್ರಿ ಅವನಿಗೆ ನಿದ್ದೆ ಇರಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ, ನಾನೂ ಗಮನಿಸಲಿಲ್ಲ.

ಹಿಂದಿನ ದಿನ ನೆಂಟರ ಹುಡುಗನೊಬ್ಬ ಅವನ ಬಾಲ ಎಳೆದಿದ್ದ. ಕಾಳ್ಯಾ ‘ಗುರ್’ ಎಂದ. ‘ಮನಿಗೆ ಬಂದವ್ರ ಮ್ಯಾಲೆ ಗುರ್ ಅಂತೀಯೇನಲೇ?’ ಎಂದು ಬೈದು ನಾನು ಟವೆಲಿನಿಂದ ಎರಡು ಏಟು ಹಾಕಿದೆ. ನಾಯಿಗೆ ಬುದ್ಧಿ ಕಲಿಸಿದೆ ಎಂದುಕೊಂಡೆ.

ಮರುದಿನ ಊಟವಾದ ಮೇಲೆ ಅವನು ಅಂಗಳದಲ್ಲಿ ಚಕ್ಕಡಿಯ ಕೆಳಗೆ ಮಲಗಿ ರೊಟ್ಟಿ ತಿನ್ನುತ್ತಿದ್ದ. ಹುಬ್ಬಳ್ಳಿಯಿಂದ ಬಂದಿದ್ದ ಆರು ವರ್ಷದ ಮೊಮ್ಮಗಳು ಚಿಟಿಕೆ ಭಂಡಾರ ಹಿಡಿದು, ‘ಕಾಳ್ಯಾಗೂ ಹಚ್ಚತೀನಿ ಅಜ್ಜಾ’ ಎನ್ನುತ್ತ ಚಕ್ಕಡಿಯ ಕೆಳಗೆ ತೆವಳಿದಳು. ನಾನು ಕಟ್ಟೆಯ ಮೇಲೆ ಚಹಾ ಕುಡಿಯುತ್ತ ನಗುತ್ತಿದ್ದೆ.

ಕಾಳ್ಯಾ ತಿನ್ನುವುದನ್ನು ನಿಲ್ಲಿಸಿದ. ಮೈ ಬಿಗಿಯಾಯಿತು. ಮುಖವನ್ನು ಆಚೆ ತಿರುಗಿಸಿದ. ನಾಲಿಗೆಯಿಂದ ಮೂತಿ ನೆಕ್ಕಿಕೊಂಡ. ಕಣ್ಣಂಚಿನ ಬಿಳಿ ಕಾಣುವಂತೆ ಒಮ್ಮೆ ನನ್ನ ಕಡೆ ನೋಡಿದ. ಎಲ್ಲವನ್ನೂ ನಾನು ನೋಡಿದೆ, ಒಂದೂ ಅರ್ಥವಾಗಲಿಲ್ಲ. ‘ಗುರ್’ ಎನ್ನಬಾರದೆಂದು ನಾನೇ ಅವನಿಗೆ ಕಲಿಸಿದ್ದೆನಲ್ಲ! ಅವಳು ಅವನ ಕೊರಳಿಗೆ ಕೈ ಹಾಕಿ ತಬ್ಬಿಕೊಂಡಳು. ಆಗ ಕಚ್ಚಿದ.

ಮೊಮ್ಮಗಳು ಅಳಲಿಲ್ಲ. ಬಲಗೈ ಬೆನ್ನ ಹಿಂದೆ ಮುಚ್ಚಿಕೊಂಡು ಬಂದು, ‘ಏನೂ ಆಗಿಲ್ಲ ಅಜ್ಜಾ, ಅವ್ವಗ ಹೇಳಬ್ಯಾಡ, ಬೈತಾಳ’ ಎಂದಳು. ಲಂಗದ ಮೇಲೆ ರಕ್ತ ತೊಟ್ಟಿಕ್ಕುತ್ತಿತ್ತು. ಕಚ್ಚಿದ್ದಕ್ಕಿಂತ ಆ ಮಾತು ನನಗೆ ಹೆಚ್ಚು ನೋವು ಕೊಟ್ಟಿತು. ಬೈಗುಳಕ್ಕೆ ಹೆದರಿ ಗಾಯ ಮುಚ್ಚಿಡುವ ಮಕ್ಕಳಿಗೇ ಹೆಚ್ಚು ಅಪಾಯ.

ಸುತ್ತ ಜನ ಸೇರಿದರು. ಒಬ್ಬರು ಸುಣ್ಣ ಹಚ್ಚಿ ಎಂದರು, ಇನ್ನೊಬ್ಬರು ಖಾರದಪುಡಿ ಎಂದರು, ಮತ್ತೊಬ್ಬರು ಭಂಡಾರ ತಂದರು. ನನ್ನ ಹೆಂಡತಿ ಎಲ್ಲರನ್ನೂ ಸರಿಸಿ, ‘ಭಂಡಾರ ಹಣಿಗೆ, ಸಬಕಾರ ಗಾಯಕ್ಕ’ ಎಂದವಳೇ ಮಗುವನ್ನು ನಲ್ಲಿಯ ಕೆಳಗೆ ಕೂರಿಸಿದಳು. ಗಡಿಯಾರ ನೋಡಿ 15 ನಿಮಿಷ ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ ತೊಳೆದಳು. ಬಿಗಿಯಾಗಿ ಪಟ್ಟಿ ಕಟ್ಟಲಿಲ್ಲ. ನೇರವಾಗಿ ಸರ್ಕಾರಿ ಆಸ್ಪತ್ರೆಗೆ ಹೋದೆವು.

ವೈದ್ಯರು ಎರಡು ಪ್ರಶ್ನೆ ಕೇಳಿದರು. ‘ತೊಳೆದಿರಾ?’ ತೊಳೆದಿದ್ದೆವು. ‘ನಾಯಿಗೆ ವರ್ಷ ವರ್ಷ ಲಸಿಕೆ ಹಾಕಿಸಿದ್ದೀರಾ?’ ನಾನು ತಲೆ ತಗ್ಗಿಸಿದೆ. ಎರಡು ವರ್ಷದಿಂದ ‘ನಾಳೆ, ನಾಡಿದ್ದು’ ಎಂದು ಮುಂದೂಡುತ್ತಲೇ ಇದ್ದೆ.

ಹುಚ್ಚುನಾಯಿ ರೋಗ, ಅಂದರೆ ರೇಬಿಸ್‌ನ ವೈರಾಣು, ರೋಗವಿರುವ ಪ್ರಾಣಿಯ ಜೊಲ್ಲಿನಲ್ಲಿರುತ್ತದೆ. ಕಚ್ಚಿದ ಗಾಯದಿಂದಲೂ ಪರಚಿದ ಗಾಯದಿಂದಲೂ ಒಳಸೇರಿ, ನರಗಳ ಮೂಲಕ ಮಿದುಳಿಗೆ ಏರುತ್ತದೆ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆಂದೇ ಹೇಳಬೇಕು. ಆದರೆ ಬೇಗ ತೊಳೆದು, ಬೇಗ ಲಸಿಕೆ ಹಾಕಿಸಿದರೆ ಇದನ್ನು ತಡೆಯಬಹುದು. ಗಾಯದಿಂದ ರಕ್ತ ಬಂದಿದ್ದರಿಂದ ಅವಳಿಗೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಎಂಬ ಚುಚ್ಚುಮದ್ದನ್ನೂ ಕೊಟ್ಟರು. ಲಸಿಕೆ ಅಂದೇ ಶುರುವಾಯಿತು. ಮತ್ತೆ 3, 7 ಮತ್ತು 28ನೇ ದಿನ. ‘ನೋವು ನಿಂತಿತು ಎಂದು ನಡುವೆ ಬಿಡಬೇಡಿ’ ಎಂದರು ವೈದ್ಯರು.

ಸೂಜಿ ಕಂಡು ಅವಳು ಅತ್ತಾಗ ಒಂದು ನಿಜವಾದ ಕಥೆ ಹೇಳಿದೆ. 1885ರ ಜುಲೈ 6. ಹುಚ್ಚುನಾಯಿ ಕಚ್ಚಿದ್ದ ಜೋಸೆಫ್ ಮೈಸ್ಟರ್ ಎಂಬ 9 ವರ್ಷದ ಹುಡುಗನನ್ನು ಅವನ ತಾಯಿ ಪ್ಯಾರಿಸ್ಸಿಗೆ, ಲೂಯಿ ಪಾಶ್ಚರ್ ಎಂಬ ವಿಜ್ಞಾನಿಯ ಬಳಿಗೆ ಕರೆತಂದಳು. ಆಗಷ್ಟೇ ಸಿದ್ಧವಾಗಿದ್ದ ಲಸಿಕೆ ಅವನಿಗೆ ಸಿಕ್ಕಿತು. ಹುಡುಗ ಬದುಕಿದ, ದೊಡ್ಡವನಾದ. ಪಾಶ್ಚರ್ ತೀರಿಕೊಂಡ ಸೆಪ್ಟೆಂಬರ್ 28ನ್ನೇ ಈಗ ವಿಶ್ವ ರೇಬಿಸ್ ದಿನವಾಗಿ ಆಚರಿಸುತ್ತಾರೆ. ‘ಅವಂಗೂ ನೋವಾಗಿತ್ತೇನ ಅಜ್ಜಾ?’ ಎಂದು ಕೇಳಿ ತೋಳು ಚಾಚಿದಳು.

ಮನೆಯ ನಾಯಿ ಕಚ್ಚಿದರೆ ಅದನ್ನು 10 ದಿನ ಕಟ್ಟಿಹಾಕಿ ನೋಡಬೇಕು. ಕಚ್ಚುವಾಗ ಅದಕ್ಕೆ ರೋಗವಿದ್ದರೆ ಅಷ್ಟರೊಳಗೆ ತೋರಿಬರುತ್ತದೆ. ಆದರೆ ಅದಕ್ಕಾಗಿ ಮಗುವಿನ ಲಸಿಕೆ ಕಾಯಬಾರದು. ಆ ಹತ್ತು ದಿನ ಬೆಳಗಾಗುತ್ತಲೇ ಕಾಳ್ಯಾನ ಮುಂದೆ ನೀರಿಟ್ಟು ನೋಡುತ್ತ ನಿಲ್ಲುತ್ತಿದ್ದೆ. ಅವನು ಕುಡಿದು ಬಾಲ ಅಲ್ಲಾಡಿಸಿದರೆ ನನಗೆ ಉಸಿರು ಬರುತ್ತಿತ್ತು. ‘ದೂರ ಒಯ್ದು ಬಿಟ್ಟು ಬಾ ಅದನ್ನ’ ಎಂದವರಿದ್ದರು. ನನ್ನ ಮನಸ್ಸೂ ಒಮ್ಮೆ ಆ ಕಡೆ ವಾಲಿತ್ತು. ಹನ್ನೊಂದನೆಯ ದಿನ ಮೊಮ್ಮಗಳು ಫೋನಿನಲ್ಲಿ ಕೇಳಿದಳು: ‘ಅಜ್ಜಾ, ಕಾಳ್ಯಾಗೂ ಸೂಜಿ ಹಾಕಿಸಿದಿಯೇನು?’ ಅಂದೇ ಅವನನ್ನು ಪಶು ಆಸ್ಪತ್ರೆಗೆ ಕರೆದೊಯ್ದೆ.

ನಾಯಿ ನಮ್ಮ ನಾಡಿನಲ್ಲಿ ಇಂದು ನಿನ್ನೆ ಬಂದದ್ದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 949-50ರ ಸುಮಾರಿನ ವೀರಗಲ್ಲೊಂದು ಸಿಕ್ಕಿದೆ. ದೊಡ್ಡ ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿನ ಕಲ್ಲದು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯ ಚಿತ್ರ 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು. ಅವುಗಳ ಹಲ್ಲು, ಓಟ, ಧೈರ್ಯಗಳನ್ನು ಹೊಗಳುವ ನಾವು, ಅದೇ ಹಲ್ಲು ನಮ್ಮ ಮನೆಯ ನಾಯಿಗೂ ಇದೆ ಎಂಬುದನ್ನು ಮರೆಯುತ್ತೇವೆ.

ಮಕ್ಕಳೇ, ನನ್ನ ಮೊಮ್ಮಗಳಿಗೆ ಹೇಳಿಕೊಟ್ಟದ್ದನ್ನೇ ನಿಮಗೂ ಹೇಳುತ್ತೇನೆ. ನಾಯಿ ತಿನ್ನುವಾಗ, ಮಲಗಿರುವಾಗ, ಮರಿಗಳ ಜೊತೆ ಇರುವಾಗ, ಮೈ ಹುಷಾರಿಲ್ಲದಾಗ ಹತ್ತಿರ ಹೋಗಬೇಡಿ. ತಬ್ಬಿಕೊಳ್ಳುವುದು ನಮಗೆ ಪ್ರೀತಿ, ಅದಕ್ಕೆ ಕಟ್ಟಿಹಾಕಿದಂತೆ. ಮುಟ್ಟಬೇಕೆನಿಸಿದರೆ ಮೊದಲು ಹಿರಿಯರನ್ನು ಕೇಳಿ, ಆಮೇಲೆ ನಾಯಿಯನ್ನೇ ಕೇಳಿ. ಕೂತು ಕರೆಯಿರಿ, ಬಂದರೆ ಎದೆಯ ಮೇಲೆ ಮೂರು ಎಣಿಸುವವರೆಗೆ ಸವರಿ ಕೈ ತೆಗೆಯಿರಿ. ಮತ್ತೆ ಒತ್ತಿಕೊಂಡು ಬಂದರೆ ‘ಇನ್ನೂ ಬೇಕು’ ಎಂದರ್ಥ. ಆಚೆ ಹೋದರೆ ‘ಸಾಕು’ ಎಂದರ್ಥ. ಗೊತ್ತಿಲ್ಲದ ನಾಯಿ ಮೈಮೇಲೆ ಬಂದರೆ ಓಡಬೇಡಿ, ಕಿರುಚಬೇಡಿ. ಓಡುವುದನ್ನು ಅಟ್ಟಿಸಿಕೊಂಡು ಹೋಗುವುದು ಅದರ ಗುಣ. ಮರದ ಹಾಗೆ ನಿಂತು, ಕೈ ಕಟ್ಟಿ, ನಿಮ್ಮ ಕಾಲ ಬೆರಳು ನೋಡಿ. ಬಿದ್ದರೆ ಗುಂಡುಕಲ್ಲಿನ ಹಾಗೆ ಮುದುರಿ ಕಿವಿ, ಕೊರಳು ಮುಚ್ಚಿಕೊಳ್ಳಿ. ಸಣ್ಣ ಗೀರಾದರೂ ತಕ್ಷಣ ಮನೆಯಲ್ಲಿ ಹೇಳಿ.

ಅಜ್ಜ ಅಜ್ಜಿಯರೇ, ‘ಹೇಳಿದ್ದಕ್ಕೆ ಬೈಯುವುದಿಲ್ಲ’ ಎಂದು ಮಕ್ಕಳಿಗೆ ಮೊದಲೇ ಮಾತು ಕೊಡಿ. ಚಿಕ್ಕ ಮಕ್ಕಳನ್ನೂ ನಾಯಿಯನ್ನೂ, ಎಷ್ಟೇ ಸಾಧುವಾಗಿದ್ದರೂ, ಒಂದು ಗಳಿಗೆಯೂ ಅವರಷ್ಟಕ್ಕೆ ಬಿಡಬೇಡಿ. ಹತ್ತಿರ ಇದ್ದರೆ ಸಾಲದು, ನಾನೂ ಹತ್ತಿರವೇ ಇದ್ದೆ. ನಾಯಿಯ ಮುಖ ಓದಬೇಕು. ಅದು ‘ಗುರ್’ ಎಂದರೆ ಹೊಡೆಯಬೇಡಿ, ಮಗುವನ್ನು ದೂರ ಕರೆಯಿರಿ. ‘ಗುರ್’ ಎಂಬುದು ಕಚ್ಚುವ ಮುಂಚಿನ ಗಂಟೆ. ಗಂಟೆ ಕಿತ್ತರೆ ಸದ್ದು ನಿಲ್ಲುತ್ತದೆ, ಅಪಾಯ ನಿಲ್ಲುವುದಿಲ್ಲ. ಮರಿಗೆ ಮೂರು ತಿಂಗಳಾದಾಗ ಲಸಿಕೆ ಹಾಕಿಸಿ, ಆಮೇಲೆ ವೈದ್ಯರು ಹೇಳಿದಂತೆ ವರ್ಷ ವರ್ಷ ಹಾಕಿಸಿ. ಹಬ್ಬ, ಜಾತ್ರೆ ಬಂದಾಗ ನಾಯಿಗೂ ಒಂದು ನಿಶ್ಶಬ್ದ ಮೂಲೆ ಕೊಡಿ.

ಈ ವರ್ಷ ಬನದ ಹುಣ್ಣಿಮೆಗೆ ಕಾಳ್ಯಾನ ಹಾಸಿಗೆ ಹಿತ್ತಲ ಕೋಣೆಯಲ್ಲಿತ್ತು, ಬಾಗಿಲಿಗೆ ಚಿಲಕವಿತ್ತು. ಗದ್ದಲವೆಲ್ಲ ಮುಗಿದ ಮೇಲೆ ಮೊಮ್ಮಗಳು ನನ್ನ ಪಕ್ಕ ಕೂತು ಅವನನ್ನು ಕರೆದಳು. ಅವನು ತಡಮಾಡಿ ಬಂದ, ಮೂಸಿದ. ಒಂದು, ಎರಡು, ಮೂರು ಎಣಿಸಿ ಅವಳು ಕೈ ತೆಗೆದಳು. ಕಾಳ್ಯಾ ಮೆಲ್ಲಗೆ ಅವಳ ಮೊಣಕಾಲಿಗೆ ಒರಗಿದ.

ಈಗ ಮನೆಗೆ ಬಂದವರು ‘ನಿಮ್ಮ ನಾಯಿ ಕಚ್ಚತೈತೇನ್ರಿ?’ ಎಂದರೆ ನಾನು ಹೇಳುವುದೇ ಬೇರೆ: ‘ಅದಕ್ಕೂ ಹಲ್ಲು ಅದಾವ್ರಿ. ಒಂಚೂರು ನಿಲ್ರಿ, ಒಳಗ ಬಿಟ್ಟು ಬರ್ತೀನಿ.’