ಒಂದು ರಾತ್ರಿಯ ಆಟ, ದಿನದಿನದ ಊಟ

ಕುಂದಾಪುರದ ಕಡೆ ‘ಇವತ್ತ್ ಆಟ ಇತ್ತ್’ ಎಂದರೆ ಅದು ಕ್ರಿಕೆಟ್ಟೂ ಅಲ್ಲ, ಕಬಡ್ಡಿಯೂ ಅಲ್ಲ, ಯಕ್ಷಗಾನ. (‘ಇತ್ತ್’ ಎಂದರೆ ಇಲ್ಲಿ ‘ಇದೆ’ ಎಂದೇ ಅರ್ಥ. ಹೊರಗಿನವರು ಆಟ ಮುಗಿದೇ ಹೋಯಿತೆಂದು ಗಾಬರಿಯಾಗಬೇಕಿಲ್ಲ.) ಈ ಆಟಕ್ಕೆ ಹಣ ಹೊಂದಿಸುವ ಕ್ರಮವನ್ನು ತಿಳಿದುಕೊಂಡರೆ ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ದಾನದ ರೀತಿಯೇ ಅರ್ಥವಾಗುತ್ತದೆ.

ಬ್ರಹ್ಮಾವರ ತಾಲ್ಲೂಕಿನ ಮಂದಾರ್ತಿ ದುರ್ಗಾಪರಮೇಶ್ವರಿ ದೇವಸ್ಥಾನಕ್ಕೆ ಐದು ಮೇಳಗಳಿವೆ. ಹರಕೆ ಹೊತ್ತವರು ದೇವಸ್ಥಾನಕ್ಕೆ ಹಣ ಕಟ್ಟಿ, ತಮ್ಮ ಮನೆಯಂಗಳದಲ್ಲೋ ಗದ್ದೆಯಲ್ಲೋ ಆಟ ಆಡಿಸುತ್ತಾರೆ. ಸರದಿಗಾಗಿ ವರ್ಷಗಟ್ಟಲೆ ಕಾಯುವವರಿದ್ದಾರೆ. ಖರ್ಚು ಒಂದು ಮನೆಯದು, ನೋಟ ಇಡೀ ಊರಿನದು. ಟಿಕೆಟ್ಟಿನ ಮಾತೇ ಇಲ್ಲ. ಚಾಪೆಯ ಮೇಲೆ ನಿದ್ದೆ ಹೋಗಿ, ಚೆಂಡೆಯ ಅಬ್ಬರಕ್ಕೆ ಎದ್ದು ಕೂರುವ ಮಕ್ಕಳಿಗೂ ಅದರಲ್ಲಿ ಪಾಲುಂಟು.

ಊರಿನ ಯುವಕ ಮಂಡಲಗಳು ನಡೆಸುವ ಹೊನಲು ಬೆಳಕಿನ ಪಂದ್ಯಾಟಗಳೂ ಇದೇ ದಾರಿಯವು. ಆಮಂತ್ರಣ ಪತ್ರಿಕೆ ತೆರೆದರೆ ಸಾಕು: ಪ್ರಥಮ ಬಹುಮಾನ ಒಬ್ಬರದು, ಟ್ರೋಫಿ ಮತ್ತೊಬ್ಬರ ತಂದೆಯ ಸ್ಮರಣಾರ್ಥ, ಊಟ ಬೆಂಗಳೂರಿನಲ್ಲಿ ಹೋಟೆಲು ನಡೆಸುವ ಇನ್ನೊಬ್ಬರದು. ಮುಂಬಯಿ, ಕೊಲ್ಲಿ ದೇಶಗಳಿಂದಲೂ ಹಣ ಬರುತ್ತದೆ. ಹೆಸರು ಮೈಕಿನಲ್ಲಿ ಕೇಳಿಸಬೇಕೆಂಬ ಆಸೆ ಇದ್ದರೆ ಇರಲಿ, ತಪ್ಪೇನಿಲ್ಲ. ತೊಡಕಿರುವುದು ಬೇರೆ ಕಡೆ. ಒಂದು ರಾತ್ರಿಗೆ ಹಣ ಕೊಡುವವರು ಸಿಗುತ್ತಾರೆ. ಮರುದಿನದಿಂದ ಅಭ್ಯಾಸಕ್ಕೆ ಬರುವ ಹುಡುಗನ ಹಾಲು, ಮೊಟ್ಟೆಗೆ ಸಿಗುವುದು ಕಷ್ಟ.

ಕುಂದಾಪುರ ತಾಲ್ಲೂಕಿನ ವಂಡ್ಸೆ ಕಡೆಯ ಗುರುರಾಜ ಪೂಜಾರಿ ಅವರನ್ನೇ ನೋಡಿ. ಟ್ರಕ್ ಚಾಲಕರ ಮಗ. 2018ರ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕೆ.ಜಿ. ವಿಭಾಗದಲ್ಲಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು. ಆ ಕೂಟದಲ್ಲಿ ಭಾರತಕ್ಕೆ ದಕ್ಕಿದ ಮೊದಲ ಪದಕವದು. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕೆ.ಜಿ. ವಿಭಾಗದ ಕಂಚು ಪಡೆದರು. ಅವರು ಈ ವಿದ್ಯೆ ಕಲಿತದ್ದು ಉಜಿರೆಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜಿನಲ್ಲಿ ಓದುತ್ತಿದ್ದಾಗ. ಧರ್ಮಸ್ಥಳ ಕ್ಷೇತ್ರದ ಆಶ್ರಯದ ಆ ಸಂಸ್ಥೆಯಲ್ಲಿ ತರಬೇತುದಾರರೂ ಸಲಕರಣೆಯೂ ವರ್ಷವಿಡೀ ಇರುತ್ತವೆ. ಪದಕಕ್ಕೆ ಬೇಕಾದದ್ದು ಈ ‘ವರ್ಷವಿಡೀ’.

ಇಂಥ ದೀರ್ಘದ ಕೆಲಸ ಈ ಸೀಮೆಗೆ ಗೊತ್ತಿಲ್ಲವೆಂದಲ್ಲ. ಸಾಲಿಗ್ರಾಮದಲ್ಲಿ ಕಾರ್ಕಡ ಶ್ರೀನಿವಾಸ ಉಡುಪ ಮತ್ತು ಎಚ್. ಶ್ರೀಧರ ಹಂದೆ 1975ರಲ್ಲಿ ಮಕ್ಕಳ ಮೇಳ ಕಟ್ಟಿದರು. ಚೌಕಿಯ ಹೊರಗೆ ಇಣುಕುತ್ತಿದ್ದ ಮಕ್ಕಳೇ ಅಲ್ಲಿ ಗೆಜ್ಜೆ ಕಟ್ಟಿದರು. ಉಡುಪಿಯ ಯಕ್ಷಗಾನ ಕಲಾರಂಗವಂತೂ ದಾನಿಗಳ ಹಣವನ್ನು ಆಟದಿಂದ ಆಚೆಗೂ ಒಯ್ದಿದೆ. ಬಡ ವಿದ್ಯಾರ್ಥಿಗಳ ಮನೆಗೆ ಹೋಗಿ ನೋಡಿ, ಓದಿಗೆ ನೆರವು ಕೊಡುತ್ತದೆ. ತೀರ ಇಲ್ಲದವರಿಗೆ ಮನೆಯನ್ನೂ ಕಟ್ಟಿಸುತ್ತದೆ.

ದಿನದಿನದ ದಾನಕ್ಕೆ ಅದರದೇ ಅಪಾಯವೂ ಉಂಟು. ಬೈಂದೂರು ತಾಲ್ಲೂಕಿನ ಕೊಲ್ಲೂರು ಮೂಕಾಂಬಿಕಾ ದೇವಸ್ಥಾನದಿಂದ ಬಂಟ್ವಾಳ ತಾಲ್ಲೂಕಿನ ಕಲ್ಲಡ್ಕದ ಶಾಲೆಗೆ ವರ್ಷಗಳ ಕಾಲ ನೆರವು ಹೋಗುತ್ತಿತ್ತು. ಮುಜರಾಯಿ ಇಲಾಖೆಗೆ ಸೇರಿದ ದೇವಸ್ಥಾನವಾದ್ದರಿಂದ 2017ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ದೊಡ್ಡ ವಿವಾದವೇ ಆಯಿತು. ಸರಿ ಯಾರು ಎಂಬ ವಾದ ರಾಜಕಾರಣಿಗಳಿಗಿರಲಿ. ಬಟ್ಟಲು ಮಾತ್ರ ಮಕ್ಕಳದು.

ಇನ್ನು ಆಟಕ್ಕೂ ಓಟಕ್ಕೂ ಬಾರದ ಹಸುಳೆಗಳ ಮಾತು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಗಿ ಅಂಗನವಾಡಿಗಳು ಬಂದವು. ಗೌರವಧನ, ಆಹಾರ ಸರ್ಕಾರದ್ದು. ಕುರ್ಚಿ, ಫ್ಯಾನು, ಆಟಿಕೆಗಳನ್ನು ಊರ ದಾನಿಗಳು ಕೊಡುವುದುಂಟು. ಆದರೆ ಅಂಗನವಾಡಿಯಲ್ಲಿ ದಿನವೂ ಕೂರುವವರು ಮೂರು ವರ್ಷ ತುಂಬಿದವರು. ಅದಕ್ಕಿಂತ ಚಿಕ್ಕವರಿಗಾಗಿ 2023–24ರ ರಾಜ್ಯ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಘೋಷಣೆಯಾಯಿತು. ಅದು ಮುಖ್ಯವಾಗಿ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರನ್ನು ನೆನೆದು ಮಾಡಿದ್ದು. ಕುಂದಾಪುರ ಸೀಮೆಯಲ್ಲಿ ಗೇರುಬೀಜದ ಕಾರ್ಖಾನೆಗೆ ಹೋಗುವ ಹೆಂಗಸರು, ಬೆಳಗಾಗುವ ಮೊದಲೇ ಬಂದರಿಗೆ ಮೀನಿಗೆ ಹೊರಡುವವರು ಬಹಳ. ಅವರ ಕೂಸನ್ನು ನೋಡಿಕೊಳ್ಳುವವರು ಅಜ್ಜಿ. ಅಜ್ಜಿ ಇಲ್ಲದಿದ್ದರೆ ಶಾಲೆ ಬಿಟ್ಟ ಅಕ್ಕ. ಆ ಅಕ್ಕನ ಹೆಸರಿನಲ್ಲಿ ಟ್ರೋಫಿ ಇಡುವವರು ಇನ್ನೂ ಬಂದಿಲ್ಲ.