ಹಳೆಯ ಕಾರಿನ ಹ್ಯಾಂಡ್ ಬ್ರೇಕ್ ಹಿಡಿಯದಿದ್ದರೆ ಮೊದಲು ಡ್ರಮ್ ನೋಡಿ

ನವಲಗುಂದ, ಅಣ್ಣಿಗೇರಿ ಕಡೆಯ ಸಪಾಟಾದ ಎರೆಭೂಮಿಯಲ್ಲಿ ಹ್ಯಾಂಡ್ ಬ್ರೇಕ್ ಸಡಿಲಾದ ಕಾರು ವರ್ಷಗಟ್ಟಲೆ ಓಡಾಡಿದರೂ ಅದು ಯಾರ ಗಮನಕ್ಕೂ ಬರುವುದಿಲ್ಲ. ಬಮ್ಮಿಗಟ್ಟಿಯಂತಹ ಕಲಘಟಗಿ ತಾಲೂಕಿನ ಊರುಗಳಲ್ಲಿ ಹಾಗಲ್ಲ. ಇದು ಅರೆಮಲೆನಾಡು, ನೆಲ ಏರಿಳಿತದ್ದು. ಗೋವಿನಜೋಳದ ಚೀಲ ಹೇರಿದ ಓಮ್ನಿಯನ್ನು ಹೊಲದ ದಾರಿಯ ಇಳಿಜಾರಿನಲ್ಲಿ ನಿಲ್ಲಿಸಿ ಇನ್ನೊಂದು ಚೀಲ ತರಲು ಹೋದಾಗ ಗಾಡಿ ತಾನಾಗಿ ಸರಿಯತೊಡಗಿದರೆ, ಇಳುಕಲಿನ ಕಡೆಗೆ ನಿಂತ ಮಗುವಾಗಲಿ, ಕಟ್ಟಿದ ಎತ್ತಾಗಲಿ ತಪ್ಪಿಸಿಕೊಳ್ಳಲು ಅವಕಾಶವಿರುವುದಿಲ್ಲ. ಪ್ರತಿ 10 ಮೀಟರಿಗೆ ಒಂದು ಮೀಟರ್ ಇಳಿಯುವ ದಾರಿಯಲ್ಲಿ, ಹೇರು ಸೇರಿ 1000 ಕಿಲೋ ತೂಗುವ ಗಾಡಿಯನ್ನು ಸುಮಾರು 100 ಕಿಲೋ ಬಲ ಕೆಳಕ್ಕೆ ಜಗ್ಗುತ್ತಿರುತ್ತದೆ. ಅದನ್ನು ತಡೆದು ಹಿಡಿಯುವುದು ಹಿಂದಿನ ಎರಡು ಗಾಲಿಗಳೊಳಗಿನ ನಾಲ್ಕು ಬ್ರೇಕ್ ಶೂಗಳು ಮಾತ್ರ.

ಅಂಬಾಸಿಡರ್ ಮತ್ತು ಮಾರುತಿ 800 ಕಾರುಗಳ ತಯಾರಿಕೆ 2014ರಲ್ಲಿ, ಓಮ್ನಿಯದು 2019ರಲ್ಲಿ ನಿಂತಿದೆ. ಆದರೂ ಇಂತಹ ಗಾಡಿಗಳು ಹಳ್ಳಿಗಳಲ್ಲಿ ಇನ್ನೂ ದುಡಿಯುತ್ತಿವೆ. ಖಾಸಗಿ ಕಾರಿಗೆ 15 ವರ್ಷ ತುಂಬಿದ ಮೇಲೆ ನೋಂದಣಿ ನವೀಕರಿಸುವಾಗ ಗಾಡಿಯನ್ನು ತಪಾಸಣೆಗೆ ಒಯ್ಯಬೇಕಾಗುತ್ತದೆ. ಅಲ್ಲದೆ, ಚಾಲಕನಿಲ್ಲದ ಗಾಡಿ ಸಾರ್ವಜನಿಕ ಸ್ಥಳದಲ್ಲಿ ತಾನಾಗಿ ಚಲಿಸದಂತೆ ಬ್ರೇಕ್ ಹಾಕಿಯೋ ಬೇರೆ ರೀತಿಯಿಂದಲೋ ಭದ್ರಪಡಿಸಬೇಕೆಂದು 1988ರ ಮೋಟಾರು ವಾಹನ ಕಾಯಿದೆಯ 126ನೆಯ ಕಲಮು ಹೇಳುತ್ತದೆ.

ಈ ಗಾಡಿಗಳಲ್ಲಿ ಕಾಲಿನ ಬ್ರೇಕಿಗೂ ಹ್ಯಾಂಡ್ ಬ್ರೇಕಿಗೂ ಹಿಂದಿನ ಶೂಗಳು ಅವೇ. ಕಾಲಿನಿಂದ ಒತ್ತಿದಾಗ ಬ್ರೇಕ್ ಆಯಿಲ್ ಶೂಗಳನ್ನು ಅಗಲಿಸುತ್ತದೆ. ಕೈಯಿಂದ ಎಳೆದಾಗ ಉಕ್ಕಿನ ಕೇಬಲ್ ಒಂದು ಸಣ್ಣ ಸನ್ನೆಯನ್ನು ಜಗ್ಗಿ ಆ ಕೆಲಸವನ್ನೇ ಮಾಡುತ್ತದೆ. ಲೈನಿಂಗ್ ಸವೆದಂತೆ ಶೂ ಮತ್ತು ಡ್ರಮ್ಮಿನ ನಡುವೆ ಸಂದು ಹೆಚ್ಚುತ್ತದೆ. ಆಗ ಹ್ಯಾಂಡ್ ಬ್ರೇಕ್ ಹಿಡಿಕೆ ಮೇಲೆ ಮೇಲೆ ಬರುತ್ತದೆ. ಹಳೆಯ ವಿಲ್ಲೀಸ್ ಮಾದರಿಯ ಜೀಪಿನಲ್ಲಿ ಹ್ಯಾಂಡ್ ಬ್ರೇಕ್ ಗಾಲಿಯಲ್ಲಿಲ್ಲ, ಗೇರ್ ಬಾಕ್ಸಿನ ಹಿಂಭಾಗದಲ್ಲಿದೆ. ಆದ್ದರಿಂದ ಈ ಲೇಖನ ಜೀಪಿಗೆ ಅನ್ವಯಿಸುವುದಿಲ್ಲ.

ಎಲ್ಲರೂ ಮಾಡುವ ತಪ್ಪು

ಹಿಡಿಕೆ ಮೇಲೆ ಬಂತೆಂದರೆ ಹೆಚ್ಚಿನವರು ಪಾನಾ ತೆಗೆದುಕೊಂಡು ಕೇಬಲ್ಲಿನ ನಟ್ ಬಿಗಿಯುತ್ತಾರೆ. ಎರಡು ನಿಮಿಷದ ಕೆಲಸ, ಹಿಡಿಕೆಯೂ ಗಟ್ಟಿಯಾಗುತ್ತದೆ. ಆದರೆ ಸವೆತ ಇರುವುದು ಡ್ರಮ್ಮಿನೊಳಗೆ. ಅದಕ್ಕಿಂತ ಕೆಟ್ಟ ಸಂಗತಿ ಇನ್ನೊಂದಿದೆ. ಅನೇಕ ಗಾಡಿಗಳಲ್ಲಿ ಶೂಗಳ ಸಂದನ್ನು ತಾನಾಗಿಯೇ ಸರಿಪಡಿಸಿಕೊಳ್ಳುವ ಹಲ್ಲುಪಟ್ಟಿ ಇರುತ್ತದೆ. ಡ್ರಮ್ಮಿನೊಳಗಿನ ಸನ್ನೆ ತನ್ನ ಜಾಗಕ್ಕೆ ಪೂರ್ತಿ ಮರಳಿದರೆ ಮಾತ್ರ ಅದು ಸರಿಯಾಗಿ ಕೆಲಸ ಮಾಡುತ್ತದೆ. ಕೇಬಲ್ ಅತಿಯಾಗಿ ಬಿಗಿದರೆ ಸನ್ನೆ ಅರ್ಧಕ್ಕೇ ನಿಲ್ಲುತ್ತದೆ, ಹಲ್ಲುಪಟ್ಟಿ ನಿಷ್ಕ್ರಿಯವಾಗುತ್ತದೆ. ಇಲ್ಲವೆ ಶೂ ಸದಾ ಉಜ್ಜುತ್ತ ಡ್ರಮ್ ಕಾಯ್ದು, ಲೈನಿಂಗ್ ಇನ್ನೂ ಬೇಗ ತೀರುತ್ತದೆ. ಕೇಬಲ್ ಮುಟ್ಟುವುದು ಕೊನೆಯ ಕೆಲಸವಾಗಬೇಕು.

ದೋಷ ಎಲ್ಲಿದೆ?

ಗಟ್ಟಿಯಾದ ಸಮನೆಲದಲ್ಲಿ ಗಾಡಿ ನಿಲ್ಲಿಸಿ. ಮುಂದಿನ ಗಾಲಿಗಳಿಗೆ ಎರಡೂ ಬದಿಯಿಂದ ಕಲ್ಲು ಕೊಡಿ. ಹಿಂಭಾಗವನ್ನು ಜಾಕಿನಿಂದ ಎತ್ತಿ, ಭಾರವನ್ನು ಸ್ಟ್ಯಾಂಡಿನ ಮೇಲೆ ಅಥವಾ ಗಟ್ಟಿ ಮರದ ದಿಮ್ಮಿಗಳ ಮೇಲೆ ಕೂಡ್ರಿಸಿ. ಇಟ್ಟಿಗೆ ಒಡೆಯುತ್ತದೆ, ಬೇಡ. ಜಾಕ್ ಒಂದನ್ನೇ ನಂಬಿ ಗಾಡಿಯ ಕೆಳಗೆ ತಲೆ ಹಾಕಲೇಬಾರದು.

ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್ ಬ್ರೇಕನ್ನು ಒಂದೊಂದೇ ಹಲ್ಲು ಎಳೆಯಲು ಮನೆಯವರೊಬ್ಬರಿಗೆ ಹೇಳಿ, ನೀವು ಗಾಲಿ ತಿರುಗಿಸಿ ನೋಡಿ. ಹಲವು ಗಾಡಿಗಳಲ್ಲಿ ನಾಲ್ಕರಿಂದ ಎಂಟು ‘ಟಕ್’ಗಳೊಳಗೆ ಎರಡೂ ಗಾಲಿ ಬಿಗಿಯಬೇಕು, ನಿಮ್ಮ ಗಾಡಿಯ ಪುಸ್ತಕದಲ್ಲಿರುವ ಲೆಕ್ಕವೇ ಪ್ರಮಾಣ. ಎರಡೂ ಗಾಲಿ ತಡವಾಗಿ ಬಿಗಿದರೆ ಶೂ ಸವೆದಿದೆ ಅಥವಾ ಹೊಂದಾಣಿಕೆ ತಪ್ಪಿದೆ ಎಂದು ತಿಳಿಯಬಹುದು. ಒಂದು ಬಿಗಿದು ಇನ್ನೊಂದು ತಿರುಗುತ್ತಿದ್ದರೆ ಆ ಬದಿಯ ಕೇಬಲ್ ಹಿಡಿದುಕೊಂಡಿರಬಹುದು, ಇಲ್ಲವೆ ಲೈನಿಂಗಿಗೆ ಎಣ್ಣೆ ತಗುಲಿರಬಹುದು. ಅಂಬಾಸಿಡರ್, ಓಮ್ನಿಗಳಲ್ಲಿ ಒಂದು ಗಾಲಿ ತಿರುಗಿಸಿದಾಗ ಇನ್ನೊಂದು ಉಲ್ಟಾ ತಿರುಗುವುದುಂಟು. ಅದು ದೋಷವಲ್ಲ, ಡಿಫರೆನ್ಷಿಯಲ್ಲಿನ ಗುಣ.

ಕೇಬಲ್ ಪರೀಕ್ಷೆಯೂ ಸುಲಭ. ಹಿಡಿಕೆ ಎಳೆದು ಬಿಡಲು ಹೇಳಿ, ಗಾಲಿಯ ಹಿಂದಿನ ತಗಡಿನ ಹತ್ತಿರ ಕೇಬಲ್ ತುದಿಯನ್ನು ನೋಡಿರಿ. ಅದು ಚುರುಕಾಗಿ ಹೋಗಿ ಬರಬೇಕು. ಹಿಡಿಕೆ ಬಿಟ್ಟರೂ ತುದಿ ನಿಧಾನವಾಗಿ ಮರಳುತ್ತಿದ್ದರೆ ಅಥವಾ ಅಲ್ಲಾಡದಿದ್ದರೆ ಹೊರಕವಚದೊಳಗೆ ತುಕ್ಕು, ಕೆಸರು ಸೇರಿದೆ. ಒಂದೊಂದು ಎಳೆ ಹರಿದಿರುವ ಅಥವಾ ಕವಚ ಸೀಳಿರುವ ಕೇಬಲ್ಲಿಗೆ ಎಣ್ಣೆ ಬಿಡುತ್ತ ಕೂಡುವುದು ವ್ಯರ್ಥ. ಬದಲಾಯಿಸಿರಿ.

ಡ್ರಮ್ ಬಿಚ್ಚಿದಾಗ

ಹ್ಯಾಂಡ್ ಬ್ರೇಕ್ ಪೂರ್ತಿ ಇಳಿಸಿ, ಗಾಲಿ ಕಳಚಿ ಡ್ರಮ್ ತೆಗೆಯಬೇಕು. ಕೆಲವು ಗಾಡಿಗಳಲ್ಲಿ ಡ್ರಮ್ಮಿನೊಳಗೇ ಬೇರಿಂಗ್ ಇದ್ದು ನಡುವಿನ ದೊಡ್ಡ ನಟ್ ಬಿಚ್ಚಬೇಕಾಗುತ್ತದೆ. ಅದನ್ನು ಸರಿಯಾದ ಬಿಗಿತಕ್ಕೆ ಮರಳಿ ಕೂಡಿಸುವ ಸಾಧನವಿಲ್ಲದಿದ್ದರೆ ಈ ಭಾಗವನ್ನು ಮೆಕ್ಯಾನಿಕ್‌ಗೆ ಬಿಡುವುದೇ ಲೇಸು. ಒಳಗಿನ ಧೂಳನ್ನು ಬಾಯಿಂದ ಊದಬೇಡಿ, ಗಾಳಿ ಪಂಪಿನಿಂದಲೂ ಹಾರಿಸಬೇಡಿ. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುವುದುಂಟು, ಅದು ಶ್ವಾಸಕೋಶಕ್ಕೆ ಮಾರಕ. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಿರಿ.

ಲೈನಿಂಗ್ ರಿವೆಟ್ ತಲೆಯ ಸಮೀಪಕ್ಕೆ ಸವೆದಿದ್ದರೆ, ಅಂಟಿಸಿದ ಲೈನಿಂಗಾದರೆ 2 ಮಿಲಿಮೀಟರಿನಷ್ಟೇ ಉಳಿದಿದ್ದರೆ, ಹೊಸದು ಹಾಕಬೇಕು. ಒಂದೇ ಗಾಲಿಗೆ ಹಾಕಬಾರದು, ಎರಡಕ್ಕೂ ಕೂಡಿಯೇ ಹಾಕಬೇಕು.

ಒಳಗೆ ಜಿಡ್ಡು ಕಂಡರೆ ಅದು ಯಾವ ಎಣ್ಣೆ ಎಂಬುದನ್ನು ಗುರುತಿಸಿಕೊಳ್ಳಿರಿ. ತೆಳ್ಳಗೆ ನೀರಿನಂತಿದ್ದು ವ್ಹೀಲ್ ಸಿಲಿಂಡರಿನ ರಬ್ಬರಿನ ಬಳಿ ಒದ್ದೆ ಇದ್ದರೆ ಬ್ರೇಕ್ ಆಯಿಲ್ ಸೋರುತ್ತಿದೆ ಎಂದರ್ಥ. ಇದು ಹ್ಯಾಂಡ್ ಬ್ರೇಕಿನ ಮಾತಷ್ಟೇ ಅಲ್ಲ, ಕಾಲಿನ ಬ್ರೇಕೂ ಕೈಕೊಡುವ ಸೂಚನೆ. ರಿಪೇರಿಯಾಗುವವರೆಗೆ ಆ ಗಾಡಿಯನ್ನು ರಸ್ತೆಗಿಳಿಸಬಾರದು. ದಪ್ಪಗೆ, ಕಪ್ಪಾಗಿ, ಘಾಟು ವಾಸನೆ ಇದ್ದರೆ ಹಿಂದಿನ ಅಚ್ಚಿನ ಸೀಲ್ ಹೋಗಿ ಗೇರ್ ಆಯಿಲ್ ಬರುತ್ತಿದೆ. ಹಿಂದಿನ ಗಾಲಿಗೆ ಎಂಜಿನ್ನಿನ ಶಕ್ತಿ ಬರುವ ಗಾಡಿಗಳಲ್ಲಿ ಮಾತ್ರ ಇದು ಸಂಭವ. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಿಂದ ತೊಳೆದು, ಬೆಂಕಿಗೆ ಕಾಯಿಸಿ ಮತ್ತೆ ಹಾಕುವ ರೂಢಿ ಕೆಲವೆಡೆ ಇದೆ. ಬ್ರೇಕ್ ಕಾಯ್ದಾಗ ಒಳಗಿನ ಎಣ್ಣೆ ಮತ್ತೆ ಮೇಲಕ್ಕೆ ಬರುತ್ತದೆ. ಸೋರಿಕೆ ನಿಲ್ಲಿಸದೆ ಹೊಸ ಲೈನಿಂಗ್ ಹಾಕಿದರೂ ಹಣ ದಂಡವೇ.

ಎಲ್ಲ ಸರಿಯಿದ್ದರೆ ಹಲ್ಲುಪಟ್ಟಿ ಕೆಸರಿನಿಂದ ಸಿಕ್ಕಿಕೊಂಡಿದೆಯೇ ನೋಡಿ ಬಿಡಿಸಿರಿ. ಶೂ ಸರಿಯುವ ತಗಡಿನ ಜಾಗಗಳಿಗೆ ಹೆಚ್ಚು ಶಾಖ ತಡೆಯುವ ಗ್ರೀಸನ್ನು ಸಾಸಿವೆಯಷ್ಟೇ ಹಚ್ಚಿರಿ. ಲೈನಿಂಗಿಗೆ ತಾಗಬಾರದು.

ಹೊಂದಿಸುವ ಕ್ರಮ

ಕೇಬಲ್ ನಟ್ ಸಡಿಲಿಸಿ, ಡ್ರಮ್ ಕೂಡಿಸಿ, ಕಾಲಿನ ಬ್ರೇಕನ್ನು ಹತ್ತಾರು ಬಾರಿ ಒತ್ತಿರಿ. ಶೂಗಳು ನಡುವಿಗೆ ಬರುತ್ತವೆ. ಕೈಯಿಂದ ಹೊಂದಿಸುವ ಮಾದರಿಯಾದರೆ ಹಿಂದಿನ ತಗಡಿನಲ್ಲಿರುವ ಚೌಕ ತಲೆಯ ಬೋಲ್ಟನ್ನೋ, ರಂಧ್ರದೊಳಗಿನ ಹಲ್ಲುಗಾಲಿಯನ್ನೋ ಗಾಲಿ ಬಿಗಿಯುವವರೆಗೆ ತಿರುಗಿಸಿ, ನಂತರ ಗಾಲಿ ಸರಾಗವಾಗಿ ತಿರುಗುವಷ್ಟು ಹಿಂದಕ್ಕೆ ಬಿಡಿ. ಸಣ್ಣಗೆ ಉಜ್ಜುವ ಸಪ್ಪಳ ಇದ್ದರೆ ಅಡ್ಡಿಯಿಲ್ಲ. ಎರಡೂ ಗಾಲಿ ಮುಗಿದ ಮೇಲೆಯೇ ಕೇಬಲ್ಲಿಗೆ ಬನ್ನಿ. ಹೇಳಿದಷ್ಟು ಹಲ್ಲಿಗೆ ಎರಡೂ ಗಾಲಿ ಸಮನಾಗಿ ಬಿಗಿಯುವಂತೆ ನಟ್ ಹೊಂದಿಸಿ, ಲಾಕ್ ನಟ್ ಬಿಗಿಯಿರಿ. ಹಿಡಿಕೆ ಪೂರ್ತಿ ಇಳಿಸಿದಾಗ ಗಾಲಿಗಳು ತಡೆಯಿಲ್ಲದೆ ತಿರುಗಲೇಬೇಕು. ನಟ್ ಮರೆಯ ಕೊನೆಗೆ ಬಂದರೂ ಕೇಬಲ್ ಸಡಿಲಿದ್ದರೆ ಅದು ಉದ್ದವಾಗಿದೆ. ನಡುವೆ ಪೈಪಿನ ತುಂಡು, ವಾಷರು ಸೇರಿಸಿ ಸಾಗಿಸುವುದು ಸರಿಯಲ್ಲ.

ಇಳಿಜಾರಿನಲ್ಲಿ ಪರೀಕ್ಷಿಸುವಾಗ ಚಾಲಕನ ಜಾಗದಲ್ಲಿಯೇ ಕುಳಿತು, ಕಾಲನ್ನು ಬ್ರೇಕಿನ ಮೇಲೆಯೇ ಸಿದ್ಧವಾಗಿರಿಸಿಕೊಳ್ಳಿ. ಹಿಂದೆ ಮುಂದೆ ಯಾರೂ ಇರಬಾರದು. ಹೊಸ ಲೈನಿಂಗ್ ಡ್ರಮ್ಮಿಗೆ ಹೊಂದಿಕೊಳ್ಳಲು ಕೆಲವು ದಿನದ ಓಡಾಟ ಬೇಕು. ಅಲ್ಲಿಯವರೆಗೆ ಹಿಡಿತ ತುಸು ಕಡಿಮೆ ಎನಿಸೀತು.

ಮಳೆಗಾಲದಲ್ಲಿ ಇನ್ನೊಂದು ಎಚ್ಚರ. ಕೆಸರು ನೀರು ದಾಟಿ ಬಂದ ಗಾಡಿಯನ್ನು ಹ್ಯಾಂಡ್ ಬ್ರೇಕ್ ಎಳೆದು ನಾಲ್ಕಾರು ದಿನ ನಿಲ್ಲಿಸಿದರೆ ಶೂ ತುಕ್ಕು ಹಿಡಿದು ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಇಂತಹ ಸಮಯದಲ್ಲಿ ಅಂಗಳದ ಸಮನೆಲದಲ್ಲಿ ನಿಲ್ಲಿಸಿ, ಮೊದಲ ಗೇರ್ ಹಾಕಿ, ಗಾಲಿಗಳಿಗೆ ಕಲ್ಲು ಕೊಟ್ಟು ಹ್ಯಾಂಡ್ ಬ್ರೇಕ್ ಇಳಿಸಿಡಿ. ಇಳಿಜಾರಿನಲ್ಲಾದರೆ ಬ್ರೇಕ್, ಗೇರ್, ಕಲ್ಲು ಮೂರೂ ಇರಲಿ.