ತೋಟದ ತಾಮ್ರವೂ ಬೇರಿನ ಶಿಲೀಂಧ್ರವೂ

ಬೀಜಾಡಿಯ ಕಡಲಂಚಿನ ತೆಂಗಿನ ಹಿತ್ತಿಲುಗಳನ್ನು ದಾಟಿ ಮೂಡಣಕ್ಕೆ, ಘಟ್ಟದ ಬುಡದತ್ತ ಹೋದರೆ ಅಡಕೆ ತೋಟಗಳು ಎದುರಾಗುತ್ತವೆ. ಮಳೆಗಾಲದಲ್ಲಿ ಅಲ್ಲಿ ಗೊನೆಗಳಿಗೆ ಮದ್ದು ಬಿಡುವ ಕೆಲಸ. ಮೈಲುತುತ್ತು ಮತ್ತು ಸುಣ್ಣ ಬೆರೆಸಿದ ಆ ನೀಲಿ ನೀರೇ ಬೋರ್ಡೋ ದ್ರಾವಣ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಅಡಕೆಯ ಕೊಳೆರೋಗವನ್ನು ಅಭ್ಯಸಿಸಿ, ಅದಕ್ಕೆ ಈ ದ್ರಾವಣವನ್ನು ಬಳಕೆಗೆ ತಂದರು. ಅದರಿಂದ ಎಷ್ಟೋ ಫಸಲು ಉಳಿದಿದೆ. ಆದರೆ ಮಳೆಗೆ ತೊಳೆದುಹೋದ ತಾಮ್ರ ಎಲ್ಲಿ ಸೇರುತ್ತದೆ?

ಒಂದು ಲೆಕ್ಕ ಮಾಡೋಣ. ಮೈಲುತುತ್ತಿನ ತೂಕದಲ್ಲಿ ಸುಮಾರು ಕಾಲುಭಾಗ ತಾಮ್ರ. ನೂರು ಲೀಟರ್ ದ್ರಾವಣಕ್ಕೆ 1 ಕಿಲೋ ಮೈಲುತುತ್ತು ಹಾಕುವುದು ರೂಢಿ. ವರ್ಷಕ್ಕೆ 1000 ಲೀಟರ್ ಸಿಂಪಡಿಸುವ ತೋಟವೊಂದನ್ನು ಕಲ್ಪಿಸಿಕೊಂಡರೆ, ಅಲ್ಲಿಗೆ ವರ್ಷಕ್ಕೆ 2.5 ಕಿಲೋ, 50 ವರ್ಷಗಳಲ್ಲಿ 125 ಕಿಲೋ ತಾಮ್ರ ಬಂದಂತಾಯಿತು. ಸ್ವಲ್ಪ ಭಾಗ ನೀರಿನೊಡನೆ ಹರಿದುಹೋದರೂ ಹೆಚ್ಚಿನದು ಮೇಲ್ಮಣ್ಣಿನ ಜೈವಿಕಾಂಶಕ್ಕೆ ಅಂಟಿ ಉಳಿಯುತ್ತದೆ. ಎಲೆ ಕೊಳೆತು ಮಣ್ಣಾಗುತ್ತದೆ. ತಾಮ್ರ ಮೂಲವಸ್ತುವಾದುದರಿಂದ ಕೊಳೆಯುವುದಿಲ್ಲ.

ಅತ್ಯಲ್ಪ ಪ್ರಮಾಣದ ತಾಮ್ರ ಸಸ್ಯಕ್ಕೆ ಬೇಕೇ ಬೇಕು. ಮಿತಿಮೀರಿದರೆ ಅದೇ ವಿಷ. ಜೀವಕೋಶದೊಳಗೆ ಅದು ಆಮ್ಲಜನಕದ ಉಗ್ರರೂಪಗಳನ್ನು ಹುಟ್ಟಿಸಿ ಕೋಶದ ಪೊರೆಯನ್ನು ಕೆಡಿಸುತ್ತದೆ. ಬೇರಿನ ಬೆಳವಣಿಗೆ ಕುಂಠಿತವಾಗುತ್ತದೆ. ಸಸ್ಯವೇನೂ ಸುಮ್ಮನಿರುವುದಿಲ್ಲ. ಗಂಧಕವುಳ್ಳ ಫೈಟೊಕೆಲಾಟಿನ್ ಎಂಬ ವಸ್ತುಗಳನ್ನು ತಯಾರಿಸಿ ಲೋಹವನ್ನು ಕಟ್ಟಿಹಾಕುತ್ತದೆ. ಹೆಚ್ಚಾದುದನ್ನು ಕೋಶದ ರಸಕುಹರಗಳಲ್ಲಿ ಕೂಡಿಡುತ್ತದೆ.

ಈ ಹೋರಾಟದಲ್ಲಿ ಅದಕ್ಕೊಬ್ಬ ಸಹಾಯಕನಿದ್ದಾನೆ. ಬೇರಿನೊಡನೆ ಕೂಡಿ ಬಾಳುವ ಶಿಲೀಂಧ್ರವೇ ಆತ. ಈ ಕೂಡುಬಾಳಿಗೆ ಮೈಕೊರೈಜ ಎಂಬ ಹೆಸರನ್ನು ಜರ್ಮನಿಯ ಫ್ರಾಂಕ್ ಕೊಟ್ಟುದು 1885ರಲ್ಲಿ. ಫ್ರಾನ್ಸಿನ ಮಿಲಾರ್ಡೆ ಬೋರ್ಡೋ ದ್ರಾವಣವನ್ನು ಲೋಕಕ್ಕೆ ತಿಳಿಸಿದುದೂ ಅದೇ ವರ್ಷ!

ಸಸ್ಯ ಶಿಲೀಂಧ್ರಕ್ಕೆ ಸಕ್ಕರೆ, ಕೊಬ್ಬುಗಳನ್ನು ಕೊಡುತ್ತದೆ. ಶಿಲೀಂಧ್ರ ಸಸ್ಯಕ್ಕೆ ರಂಜಕವನ್ನು ತಂದುಕೊಡುತ್ತದೆ. ನಮ್ಮ ಮುರಕಲ್ಲಿನ ಕೆಂಪುಮಣ್ಣಿನಲ್ಲಿ ಕಬ್ಬಿಣ, ಅಲ್ಯುಮಿನಿಯಂಗಳು ರಂಜಕವನ್ನು ಬಿಗಿಹಿಡಿದಿರುವುದರಿಂದ ಈ ನೆರವು ದೊಡ್ಡದು. ಅರ್ಧ ಮಿಲಿಮೀಟರ್ ದಪ್ಪದ ಬೇರಿಗಿಂತ ಶಿಲೀಂಧ್ರದ ಎಳೆ ನೂರು ಪಾಲು ತೆಳು ಎಂದಿಟ್ಟುಕೊಳ್ಳಿ. ಆಗ ಅಷ್ಟೇ ಗಾತ್ರದ ವಸ್ತುವಿನಿಂದ ಹತ್ತು ಸಾವಿರ ಪಟ್ಟು ಉದ್ದದ ಎಳೆ, ನೂರು ಪಟ್ಟು ಮೇಲ್ಮೈ ದೊರೆಯುತ್ತದೆಂದು ವಿದ್ಯಾರ್ಥಿಗಳೇ ಲೆಕ್ಕಹಾಕಿ ನೋಡಬಹುದು.

ಆ ವಿಶಾಲ ಮೇಲ್ಮೈಯೇ ತಾಮ್ರಕ್ಕೆ ತಡೆಗೋಡೆಯೂ ಆಗಬಲ್ಲದು. ಎಳೆಯ ಗೋಡೆಯಲ್ಲಿರುವ ಕೈಟಿನ್ ಮೊದಲಾದ ವಸ್ತುಗಳಿಗೆ ಲೋಹ ಅಂಟಿಕೊಳ್ಳುತ್ತದೆ. ಒಳಹೊಕ್ಕದ್ದು ಶಿಲೀಂಧ್ರದ ರಸಕುಹರಗಳಲ್ಲಿ ಸೆರೆಯಾಗುತ್ತದೆ. ಹೀಗೆ ಎಲೆಗಳಿಗೆ ಏರುವ ಲೋಹ ಅನೇಕ ವೇಳೆ ಕಡಮೆಯಾಗುತ್ತದೆ. ತಾಮ್ರದ ಕೊರತೆಯಿರುವ ಮಣ್ಣಿನಲ್ಲಾದರೋ ಇದೇ ಶಿಲೀಂಧ್ರ ತಾಮ್ರವನ್ನು ಹುಡುಕಿ ತಂದುಕೊಡುತ್ತದೆ.

ಹಾಗೆಂದು ಈ ಸಹಾಯಕನ ಶಕ್ತಿ ಅಪಾರವಲ್ಲ. ತಾಮ್ರ ಶಿಲೀಂಧ್ರನಾಶಕ, ಅತಿಯಾದರೆ ಈ ಮಿತ್ರನನ್ನೂ ಕೊಲ್ಲುತ್ತದೆ. ಸಹಿಸಿ ಉಳಿದ ತಳಿಗಳು ಲೋಹವನ್ನು ಹಿಡಿದಿಡಬಲ್ಲವೇ ಹೊರತು ನಾಶಮಾಡಲಾರವು. ರಂಜಕದ ಗೊಬ್ಬರವನ್ನು ಧಾರಾಳವಾಗಿ ಸುರಿದರೆ ಸಸ್ಯ ಶಿಲೀಂಧ್ರದ ನಂಟನ್ನೇ ಸಡಿಲಿಸುತ್ತದೆ; ಮಣ್ಣನ್ನು ಪದೇ ಪದೇ ಅಗೆದರೆ ಎಳೆಗಳ ಜಾಲ ಹರಿಯುತ್ತದೆ.

ಕೊಳೆರೋಗಕ್ಕೆ ಮದ್ದು ಬೇಡವೆನ್ನಲು ಸಾಧ್ಯವಿಲ್ಲ. ಎಲ್ಲ ತೋಟಗಳೂ ಕೆಟ್ಟಿವೆಯೆಂದೂ ಹೇಳಲಾಗದು. ಆದರೆ ಮಣ್ಣು ಪರೀಕ್ಷೆ ಮಾಡಿಸುವಾಗ ತಾಮ್ರವನ್ನೂ ಅಳೆಯಿಸುವುದು, ಹುಳಿಮಣ್ಣಿಗೆ ಸುಣ್ಣ ಕೊಟ್ಟು ತಾಮ್ರದ ಕರಗುವಿಕೆಯನ್ನು ತಗ್ಗಿಸುವುದು, ಅಗತ್ಯವಿದ್ದಷ್ಟೇ ಸಿಂಪಡಿಸುವುದು ನಮ್ಮ ಕೈಯಲ್ಲಿದೆ. ಅಡಕೆ ಮರ ದಶಕಗಳ ಕಾಲ ಬಾಳುತ್ತದೆ. ಅದರ ಬುಡದ ತಾಮ್ರ ಅದಕ್ಕಿಂತಲೂ ಹೆಚ್ಚು ಕಾಲ ಉಳಿದು, ಮುಂದೆ ನೆಡುವ ಸಸಿಯ ಎಳೆಬೇರಿಗೆ ಕಾದಿರುತ್ತದೆ.